ಸರ್ವರ್ ಕೆಟ್ಟಿರಲಿಲ್ಲ, ಕಾಯುತ್ತಿತ್ತು

ಬಳ್ಳಾರಿಯಲ್ಲಿ ಬಿಸಿಎ ಮುಗಿಸಿ ಬೆಂಗಳೂರಿನ ಸಣ್ಣ ಕಂಪನಿಯೊಂದರಲ್ಲಿ ಟ್ರೈನಿಯಾಗಿ ಸೇರಿ ಎರಡು ತಿಂಗಳಾಗಿತ್ತು. ಪ್ರೊಬೇಷನ್ ಇನ್ನೂ ಮುಗಿದಿರಲಿಲ್ಲ. ಸಿರಿಗೇರಿಯಲ್ಲಿ ಅಪ್ಪ ಮಾತ್ರ ‘ನಮ್ಮ ಹುಡುಗನಿಗೆ ಕಂಪ್ಯೂಟರ್ ಕೆಲಸ ಸಿಕ್ಕೈತಿ’ ಎಂದು ಓಣಿಗೆಲ್ಲ ಹೇಳಿಯಾಗಿತ್ತು.

ಒಂದು ರಾತ್ರಿ ಪಾಳಿಯಲ್ಲಿ ಕರೆಂಟ್ ಹೋಯಿತು, ಯುಪಿಎಸ್ಸೂ ಕೈಕೊಟ್ಟಿತು. ಕರೆಂಟ್ ಬಂದ ಮೇಲೆ ಮೊದಲು ಮೇಲ್ ಸರ್ವರ್ ಆನ್ ಮಾಡಿದೆ. ಪರದೆಯ ಮೇಲೆ ‘ಸ್ಟಾರ್ಟಿಂಗ್ ಸೆಂಡ್‌ಮೇಲ್’ ಎಂಬ ಸಾಲು ಬಂದು ಅಲ್ಲೇ ನಿಂತಿತು. ಗಾಬರಿಯಲ್ಲಿ ರೀಸೆಟ್ ಒತ್ತಿದೆ. ಮತ್ತೆ ಅದೇ ಸಾಲು. ಇನ್ನೊಮ್ಮೆ ಒತ್ತಿದೆ. ಬೆಳಿಗ್ಗೆ 9ಕ್ಕೆ ಗ್ರಾಹಕರಿಗೆ ಮೇಲ್ ಹೋಗಲೇಬೇಕಿತ್ತು.

ಕೊನೆಗೆ ಸೀನಿಯರ್‌ಗೆ ಫೋನ್ ಮಾಡಿದೆ. ‘ರೀಸೆಟ್ ಮುಟ್ಟಬೇಡಪ್ಪಾ, ಫೈಲುಗಳು ಹಾಳಾಗ್ತವೆ. ಐದು ನಿಮಿಷ ಬಿಡು. ಅದು ಕೆಟ್ಟಿಲ್ಲ, ಯಾವುದಕ್ಕೋ ಕಾಯ್ತಿದೆ. ಯಾವುದಕ್ಕೆ ಅಂತ ಲಾಗ್‌ನಲ್ಲಿ ನೋಡು’ ಎಂದರು.

ಕೆಲವು ನಿಮಿಷಗಳಲ್ಲಿ ಲಾಗಿನ್ ಪರದೆ ಬಂತು. ಮೇಲ್‌ಲಾಗ್ ತೆರೆದರೆ ಉತ್ತರ ಅಲ್ಲೇ ಇತ್ತು: ‘ನನ್ನ ಪೂರ್ಣ ಹೆಸರು ಗೊತ್ತಾಗುತ್ತಿಲ್ಲ, ಸ್ವಲ್ಪ ಹೊತ್ತು ಮಲಗಿ ಮತ್ತೆ ಪ್ರಯತ್ನಿಸುತ್ತೇನೆ’ ಎಂಬರ್ಥದ ಸಾಲು. ಸೆಂಡ್‌ಮೇಲ್ ಶುರುವಾಗುವಾಗ ತಾನಿರುವ ಯಂತ್ರದ ಡೊಮೇನ್ ಸಹಿತ ಹೆಸರನ್ನು ಹುಡುಕುತ್ತದೆ. ಹೋಸ್ಟ್ಸ್ ಫೈಲಿನಲ್ಲೂ ಡಿಎನ್‌ಎಸ್‌ನಲ್ಲೂ ಸಿಗದಿದ್ದರೆ 60 ಸೆಕೆಂಡ್ ಕಾಯುತ್ತದೆ. ಡಿಎನ್‌ಎಸ್ ಸರ್ವರ್ ಉತ್ತರಿಸದಿದ್ದರೆ ಲಿನಕ್ಸ್ ಸಾಮಾನ್ಯವಾಗಿ 5 ಸೆಕೆಂಡ್‌ನಂತೆ ಎರಡು ಸಲ ಕೇಳುತ್ತದೆ. ಹಾಗಾಗಿ ಒಂದೊಂದು ಹುಡುಕಾಟವೂ ಎಳೆಯುತ್ತದೆ.

ನಮ್ಮ ಡಿಎನ್‌ಎಸ್ ಸರ್ವರನ್ನು ನಾನಿನ್ನೂ ಆನ್ ಮಾಡಿರಲೇ ಇಲ್ಲ. ಹೋಸ್ಟ್ಸ್ ಫೈಲಿನಲ್ಲಿ ಹೆಸರಿನ ಸಾಲೂ ಇರಲಿಲ್ಲ. ಎರಡು ದಿನದ ಹಿಂದೆ ‘ಬೇಡದ ಸಾಲು’ ಎಂದು ಅದನ್ನು ಅಳಿಸಿದ್ದವನು ನಾನೇ! ಅಲ್ಲಿಯವರೆಗೆ ಸೇವೆ ಓಡುತ್ತಲೇ ಇದ್ದುದರಿಂದ ತಪ್ಪು ಕಂಡಿರಲಿಲ್ಲ.

ಸಾಲನ್ನು ಮತ್ತೆ ಸೇರಿಸಿ, ಡಿಎನ್‌ಎಸ್ ಆನ್ ಮಾಡಿ, ಮೇಲ್ ಸೇವೆಯನ್ನು ಮರುಚಾಲನೆ ಮಾಡಿದೆ. ಕ್ಷಣದಲ್ಲಿ ಶುರುವಾಯಿತು. ಆದರೆ ವರದಿಯಲ್ಲಿ ಏನು ಬರೆಯುವುದು? ‘ಕರೆಂಟ್ ಹೋಗಿದ್ದರಿಂದ’ ಎಂದರೆ ಯಾರೂ ಕೇಳುತ್ತಿರಲಿಲ್ಲ. ಅರ್ಧ ಗಂಟೆ ಕೀಬೋರ್ಡ್ ಮುಂದೆ ಕುಳಿತಿದ್ದೆ. ಕೊನೆಗೆ ಸಾಲು ಅಳಿಸಿದ್ದು, ರೀಸೆಟ್ ಒತ್ತಿದ್ದು ಎರಡನ್ನೂ ಬರೆದೆ. ಬೈಗುಳ ಸಿಕ್ಕಿತು, ಕೆಲಸ ಉಳಿಯಿತು. ಯಾವ ಸರ್ವರ್ ಮೊದಲು ಆನ್ ಆಗಬೇಕು ಎಂಬ ಪಟ್ಟಿ ತಯಾರಿಸುವ ಹೊಣೆಯೂ ನನಗೇ ಬಂತು.

ಊರಿಗೆ ಹೋದಾಗ ಅಪ್ಪನಿಗೆ ಇದನ್ನು ಹೇಳಿದೆ. ನಮ್ಮದು ತುಂಗಭದ್ರಾ ಕಾಲುವೆ ನಂಬಿದ ಭತ್ತದ ಸೀಮೆ. ‘ಗದ್ದಿಗೆ ನೀರು ಬರಲಿಲ್ಲಂದ್ರ ಗದ್ದಿ ಅಗೀತಾರೇನಲೇ? ಮೇಲಿನ ತೂಬು ನೋಡಬೇಕು’ ಎಂದು ನಕ್ಕರು. ನನ್ನ ಐದು ನಿಮಿಷದ ಪಾಠ ಅವರಿಗೆ ಮೊದಲೇ ಗೊತ್ತಿತ್ತು.

ಕೆಲಸ ಹುಡುಕುತ್ತಿರುವ ಗೆಳೆಯರೇ, ಸಂದರ್ಶನದಲ್ಲಿ ‘ಸರ್ವಿಸ್ ಶುರುವಾಗುತ್ತಿಲ್ಲ, ಏನು ಮಾಡ್ತೀರಿ?’ ಎಂದು ಕೇಳಿದರೆ ‘ರೀಸ್ಟಾರ್ಟ್’ ಎನ್ನಬೇಡಿ. ಅದು ಯಾವುದಕ್ಕೆ ಕಾಯುತ್ತಿದೆ ಎಂದು ಲಾಗ್ ನೋಡುತ್ತೇನೆ ಎನ್ನಿ. ವಿಂಡೋಸ್‌ನ ಎಕ್ಸ್‌ಚೇಂಜ್ ಕೂಡ ಆಕ್ಟಿವ್ ಡೈರೆಕ್ಟರಿ ಸಿಗದಿದ್ದರೆ ಹೀಗೇ ‘ಸ್ಟಾರ್ಟಿಂಗ್’ನಲ್ಲಿ ನಿಲ್ಲುತ್ತದೆ. ಕೊನೆಯದಾಗಿ ಏನು ಬದಲಾಯಿಸಿದ್ದೀರಿ ಎಂದೂ ನೆನಪಿಸಿಕೊಳ್ಳಿ. ಬದಲಾಯಿಸಿದ್ದು ನೀವೇ ಆಗಿದ್ದರೆ ಮೊದಲು ನೀವೇ ಹೇಳಿಬಿಡಿ.