ಹಡಗಿನ ಬಾಲ್ಕನಿಯಲ್ಲಿ ಧೂಮಪಾನ: ಒಂದು ವಿಚಾರ

ನಮ್ಮ ಸಮಾಜದ ಅನೇಕ ಮನೆತನಗಳ ಮಕ್ಕಳು ವಿದ್ಯೆಯ ಹಾಗೂ ಉದ್ಯೋಗದ ನಿಮಿತ್ತ ಅಮೇರಿಕಾ ಮೊದಲಾದ ದೇಶಗಳಲ್ಲಿ ನೆಲೆಸಿರುವುದು ಎಲ್ಲರಿಗೂ ತಿಳಿದ ಸಂಗತಿ. ಊರಿನಿಂದ ಬಂದ ತಂದೆತಾಯಿಗಳನ್ನು ಅವರು ಅಲ್ಲಿಯ ಜಲಪಾತಗಳಿಗೆ, ನಗರಗಳಿಗೆ ಕರೆದೊಯ್ಯುವಂತೆ, ಸಮುದ್ರದ ವಿಹಾರನೌಕೆಗಳಲ್ಲಿಯೂ ಕರೆದೊಯ್ಯುತ್ತಾರೆ. ನಮಗೂ ಆ ಭಾಗ್ಯ 2013ರಲ್ಲಿ ಒದಗಿ ಬಂದಿತು. ಮಗ ಮತ್ತು ಸೊಸೆಯ ಒತ್ತಾಯಕ್ಕೆ ಮಣಿದು ನಾವು ದಂಪತಿಗಳು ಫ್ಲಾರಿಡಾದಿಂದ ಹೊರಡುವ ಹಡಗೊಂದರಲ್ಲಿ ಏಳು ದಿನ ಕೆರಿಬಿಯನ್ ಸಮುದ್ರದಲ್ಲಿ ಸಂಚರಿಸಿ ಬಂದೆವು. ಆ ಪ್ರವಾಸದ ವೈಭವವನ್ನು ವರ್ಣಿಸುವುದು ಈ ಲೇಖನದ ಉದ್ದೇಶವಲ್ಲ. ಅಲ್ಲಿ ಕಣ್ಣಿಗೆ ಬಿದ್ದ ಒಂದು ಸಣ್ಣ ಸಂಗತಿ, ಅದರ ಹಿಂದಿರುವ ಒಂದು ದೊಡ್ಡ ದುರಂತ, ಅದರಿಂದ ನಾವು ಕಲಿತ ಪಾಠ, ಇವಿಷ್ಟನ್ನು ವಾಚಕ ಬಂಧುಗಳ ಮುಂದಿಡುವುದು ನಮ್ಮ ಬಯಕೆ.

ಊದುಬತ್ತಿಗಿಲ್ಲದ ಅಪ್ಪಣೆ

ಇಂದಿನ ವಿಹಾರನೌಕೆಯೆಂದರೆ ತೇಲುವ ಒಂದು ಪಟ್ಟಣವೇ ಸರಿ. ಎರಡು ಮೂರು ಸಾವಿರ ಪ್ರಯಾಣಿಕರು, ಅವರ ಸೇವೆಗೆ ಸಾವಿರಕ್ಕೂ ಮಿಕ್ಕಿದ ಸಿಬ್ಬಂದಿ, ಹತ್ತು ಹದಿನೈದು ಅಂತಸ್ತುಗಳು. ಸ್ವಲ್ಪ ಹೆಚ್ಚು ಹಣ ತೆತ್ತವರ ಕೊಠಡಿಗೆ ಸಮುದ್ರದ ಕಡೆಗೆ ಒಂದು ಪುಟ್ಟ ಬಾಲ್ಕನಿ ಇರುತ್ತದೆ. ಎರಡು ಕುರ್ಚಿ, ಒಂದು ಸಣ್ಣ ಮೇಜು ಹಿಡಿಸುವಷ್ಟು ಜಾಗ. ಪಕ್ಕದ ಕೊಠಡಿಯ ಬಾಲ್ಕನಿಗೂ ನಮ್ಮದಕ್ಕೂ ನಡುವೆ ತೆಳುವಾದ ಒಂದು ಅಡ್ಡತಟ್ಟೆ. ನಮ್ಮ ಹಳ್ಳಿಯ ಮನೆಗಳ ಜಗಲಿಗಳನ್ನು ಸಾಲಾಗಿ ಜೋಡಿಸಿ, ಒಂದರ ಮೇಲೊಂದು ಪೇರಿಸಿದರೆ ಹೇಗೋ ಹಾಗೆ.

ಹೊರಡುವ ಮುನ್ನ ಕೈಗೆ ಬಂದ ಸೂಚನೆಗಳಲ್ಲಿ ಹಡಗಿಗೆ ತರಬಾರದ ವಸ್ತುಗಳ ಪಟ್ಟಿಯಿತ್ತು. ಮೇಣದ ಬತ್ತಿ, ಇಸ್ತ್ರಿಪೆಟ್ಟಿಗೆ ಮುಂತಾದವುಗಳ ಜೊತೆಗೆ ಊದುಬತ್ತಿಯ ಹೆಸರೂ ಅದರಲ್ಲಿತ್ತು. ಅದನ್ನು ಓದಿ ನಮ್ಮ ಧರ್ಮಪತ್ನಿಯವರು ಮನಸ್ಸಿಗೆ ಬಹಳ ನೋವು ಮಾಡಿಕೊಂಡರು. ಲಿಂಗಪೂಜೆಗೆ ದೀಪವಿಲ್ಲ, ಧೂಪವಿಲ್ಲ, ಕರ್ಪೂರವಿಲ್ಲವೆಂದರೆ ಏಳು ದಿನ ಕಳೆಯುವುದು ಹೇಗೆ ಎಂಬುದು ಅವರ ಚಿಂತೆ. ಇಷ್ಟಲಿಂಗಕ್ಕೆ ಅಂಗೈಯೇ ಪೀಠವಲ್ಲವೇ, ವಿಭೂತಿ ಮತ್ತು ಶುದ್ಧ ಮನಸ್ಸು ಇದ್ದರೆ ಸಾಕು ಎಂದು ನಾವು ಸಮಾಧಾನ ಹೇಳಿದೆವು. ಹೇಳಿದೆವೇ ಹೊರತು ನಮ್ಮ ಮನಸ್ಸಿನಲ್ಲಿಯೂ ಒಂದು ಕೊರಗು ಉಳಿದೇ ಇತ್ತು.

ಮೊದಲನೆಯ ದಿನದ ಮುಂಜಾನೆ ಸ್ನಾನ ಮುಗಿಸಿ, ಬಾಲ್ಕನಿಯಲ್ಲಿ ಕುಳಿತು, ಕಡಲಿನಿಂದ ಮೇಲೇರುವ ಸೂರ್ಯನ ಎದುರಿಗೆ ಲಿಂಗವನ್ನು ಕರಸ್ಥಲಕ್ಕೆ ಬಿಜಯಂಗೈಸಿದೆವು. ಅಂಥ ಪ್ರಶಾಂತ ಪೂಜಾಗೃಹ ಇನ್ನೆಲ್ಲಿ ದೊರೆತೀತು ಎಂದುಕೊಳ್ಳುವಷ್ಟರಲ್ಲಿ ಅಡ್ಡತಟ್ಟೆಯ ಆಚೆಯಿಂದ ಸಿಗರೇಟಿನ ಹೊಗೆ ತೇಲಿ ಬಂದಿತು. ಧರ್ಮಪತ್ನಿಯವರಿಗೆ ಮೊದಲಿನಿಂದಲೂ ಉಬ್ಬಸದ ತೊಂದರೆ. ಕೆಮ್ಮುತ್ತಾ ಎದ್ದು ಒಳಗೆ ಹೋಗಿ ಗಾಜಿನ ಬಾಗಿಲು ಮುಚ್ಚಿಕೊಂಡರು. ಎರಡನೆಯ ದಿನವೂ ಹಾಗೆಯೇ ಆಯಿತು. ನಮಗೆ ಸಿಟ್ಟು ಬಂದಿತು ಎಂಬುದನ್ನು ಮರೆಮಾಚುವುದಿಲ್ಲ. ಹಡಗಿನ ಕಚೇರಿಗೆ ಹೋಗಿ ವಿಚಾರಿಸಿದಾಗ, ಬಾಲ್ಕನಿಯಲ್ಲಿ ಸಿಗರೇಟು ಸೇದಲು ಅನುಮತಿಯಿದೆ, ಊದುಬತ್ತಿ ಮಾತ್ರ ಹಚ್ಚುವಂತಿಲ್ಲ ಎಂಬ ಉತ್ತರ ದೊರೆಯಿತು. ದೇವರ ಮುಂದಿನ ಹೊಗೆಗೆ ನಿಷೇಧ, ದುಶ್ಚಟದ ಹೊಗೆಗೆ ಮನ್ನಣೆ! ಇದು ಯಾವ ನ್ಯಾಯವೆಂದು ಮಗನ ಮುಂದೆ ಕೇಳಿದೆವು. ಆಗ ಅವನು 2006ರಲ್ಲಿ ಸಂಭವಿಸಿದ ಒಂದು ಅನಾಹುತದ ವಿಷಯ ತಿಳಿಸಿದನು.

ಒಂದು ತುಂಡು ಮಾಡಿದ ಅನಾಹುತ

2006ರ ಮಾರ್ಚ್ 23ರ ನಸುಕಿನಲ್ಲಿ ‘ಸ್ಟಾರ್ ಪ್ರಿನ್ಸೆಸ್’ ಎಂಬ ವಿಹಾರನೌಕೆಯು ಗ್ರ್ಯಾಂಡ್ ಕೇಮನ್ ದ್ವೀಪದಿಂದ ಜಮೈಕಾದ ಮಾಂಟೆಗೊ ಬೇ ಬಂದರಿನ ಕಡೆಗೆ ಸಾಗುತ್ತಿತ್ತು. ಹಡಗಿನಲ್ಲಿ 2,690 ಪ್ರಯಾಣಿಕರೂ 1,123 ಸಿಬ್ಬಂದಿಯೂ ಇದ್ದರು. ಎಲ್ಲರೂ ಗಾಢನಿದ್ರೆಯಲ್ಲಿದ್ದ ಹೊತ್ತು. ಬೆಳಗಿನ ಜಾವ ಮೂರು ಗಂಟೆಯ ಸುಮಾರಿಗೆ ಒಂದು ಕೊಠಡಿಯ ಹೊರಗಿನ ಬಾಲ್ಕನಿಯಲ್ಲಿ ಬೆಂಕಿ ಕಾಣಿಸಿಕೊಂಡಿತು. ಯಾರೋ ಎಸೆದ ಸಿಗರೇಟಿನ ತುಂಡು ಅಲ್ಲಿದ್ದ ದಹನಶೀಲ ವಸ್ತುವಿನ ಮೇಲೆ ಬಿದ್ದು, ಸುಮಾರು 20 ನಿಮಿಷ ಒಳಗೊಳಗೇ ಹೊಗೆಯಾಡಿ, ಆನಂತರ ಜ್ವಾಲೆಯಾಗಿರಬೇಕೆಂಬುದು ಬ್ರಿಟನ್ನಿನ ಸಾಗರ ಅಪಘಾತ ತನಿಖಾ ಸಂಸ್ಥೆಯು ತಲುಪಿದ ನಿರ್ಣಯ.

ಬಾಲ್ಕನಿಗಳ ನಡುವಿನ ಅಡ್ಡತಟ್ಟೆಗಳು ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕಿನವು. ನೆಲಹಾಸು ಪಾಲಿಯುರಿಥೇನಿನದು. ಕುರ್ಚಿ ಮೇಜುಗಳೂ ಪ್ಲಾಸ್ಟಿಕ್ಕಿನವೇ. ಅದರ ಮೇಲೆ ಚಲಿಸುವ ಹಡಗಿನ ಗಾಳಿ ಬೇರೆ. ಬೆಂಕಿಯು ಒಂದು ಬಾಲ್ಕನಿಯಿಂದ ಮತ್ತೊಂದಕ್ಕೆ, ಒಂದು ಅಂತಸ್ತಿನಿಂದ ಮೇಲಿನ ಅಂತಸ್ತಿಗೆ ಕೆಲವೇ ನಿಮಿಷಗಳಲ್ಲಿ ಹಬ್ಬಿತು. ಕೊಠಡಿಗಳ ಒಳಗೆ ನೀರು ಸಿಂಪಡಿಸುವ ವ್ಯವಸ್ಥೆಯಿತ್ತು. ಆದರೆ ಬಾಲ್ಕನಿಯೆಂಬುದು ಹೊರಗಿನ ಬಯಲು, ಅಲ್ಲಿ ಬೆಂಕಿಯ ಭಯವಿಲ್ಲ ಎಂಬ ಭಾವನೆಯಿಂದ ಅಲ್ಲಿ ಯಾವ ಏರ್ಪಾಡನ್ನೂ ಮಾಡಿರಲಿಲ್ಲ. ದಟ್ಟವಾದ ಕಪ್ಪು ಹೊಗೆ ಕೊಠಡಿಗಳನ್ನೂ ಓಣಿಗಳನ್ನೂ ತುಂಬಿತು. ಎಚ್ಚರಿಕೆಯ ಕರೆ ಕೇಳಿ ಎದ್ದ ಜನರು ಹೊಗೆಯಲ್ಲಿ ದಾರಿ ತಡಕುತ್ತ ಹೊರಬಂದರು. ಸಿಬ್ಬಂದಿಯವರು ಸುಮಾರು ಒಂದೂವರೆ ಗಂಟೆ ಹೋರಾಡಿ ಬೆಂಕಿಯನ್ನು ನಂದಿಸಿದರು. ಅಷ್ಟರಲ್ಲಿ ಹೊಗೆ ಕುಡಿದು ಒಬ್ಬ ಪ್ರಯಾಣಿಕರು ಅಸುನೀಗಿದ್ದರು. ಇನ್ನೂ 13 ಜನರಿಗೆ ಹೊಗೆಯಿಂದಾದ ತೊಂದರೆಗೆ ಚಿಕಿತ್ಸೆ ನೀಡಬೇಕಾಯಿತು. 79 ಕೊಠಡಿಗಳು ಪೂರ್ಣ ನಾಶವಾಗಿ, ಇನ್ನೂ 218 ಕೊಠಡಿಗಳು ಬೆಂಕಿ, ಹೊಗೆ, ನೀರುಗಳಿಂದ ಹಾಳಾದವು.

ಸಮುದ್ರಕ್ಕೆಂದು ಎಸೆದ ಸಿಗರೇಟಿನ ತುಂಡು ಸಮುದ್ರವನ್ನೇ ಸೇರುತ್ತದೆಂಬ ಭರವಸೆಯಿಲ್ಲ. ಹಡಗಿನ ಪಕ್ಕದಲ್ಲಿ ಬೀಸುವ ಗಾಳಿ ಅದನ್ನು ಹೊತ್ತು ತಂದು ಹಿಂದಿನ ಅಥವಾ ಕೆಳಗಿನ ಬಾಲ್ಕನಿಯೊಳಗೆ ಕೆಡವಬಲ್ಲದು. ಅಲ್ಲಿ ಒಣಗಲು ಹಾಕಿದ ಟವೆಲ್ಲೊಂದು ಇದ್ದರೆ ಸಾಕು. ನೆಲದ ಮೇಲೆ ಬೆಂಕಿ ಬಿದ್ದರೆ ಮನೆ ಬಿಟ್ಟು ಬೀದಿಗೆ ಓಡಬಹುದು. ನಡುಗಡಲಿನಲ್ಲಿ ಓಡುವುದೆಲ್ಲಿಗೆ?

ಇದನ್ನು ಕೇಳಿದ ಮೇಲೆ ನಮ್ಮ ಸಿಟ್ಟಿನ ದಿಕ್ಕೇ ಬದಲಾಯಿತು. ಊದುಬತ್ತಿಯನ್ನು ನಿಷೇಧಿಸಿದ್ದು ನಮ್ಮ ಧರ್ಮದ ಮೇಲಿನ ಅನಾದರದಿಂದಲ್ಲ. ಕಿಡಿಗೆ ಭಕ್ತಿಯ ಕಿಡಿ, ಚಟದ ಕಿಡಿ ಎಂಬ ಭೇದವಿಲ್ಲ. ಹಡಗಿನವರ ತಪ್ಪು ಊದುಬತ್ತಿಯನ್ನು ತಡೆದದ್ದರಲ್ಲಿ ಇರಲಿಲ್ಲ, ಸಿಗರೇಟನ್ನು ಬಿಟ್ಟದ್ದರಲ್ಲಿ ಇತ್ತು.

ನಿಯಮಗಳು ಬಿಗಿಯಾದ ಬಗೆ

ಆ ದುರಂತದ ನಂತರ ಅಂತರರಾಷ್ಟ್ರೀಯ ಸಾಗರ ಸಂಸ್ಥೆಯು 2006ರ ಡಿಸೆಂಬರಿನಲ್ಲಿಯೇ ತನ್ನ ಸುರಕ್ಷಾ ನಿಯಮಗಳನ್ನು ತಿದ್ದಿತು. 2008ರ ಜುಲೈ 1ರಿಂದ ಜಾರಿಗೆ ಬಂದ ಈ ತಿದ್ದುಪಡಿಗಳ ಪ್ರಕಾರ, ಬಾಲ್ಕನಿಯಲ್ಲಿ ಸುಲಭವಾಗಿ ಬೆಂಕಿ ಹಿಡಿಯದ ಪೀಠೋಪಕರಣಗಳೇ ಇರಬೇಕು. ಇಲ್ಲವಾದರೆ ಬೆಂಕಿಯನ್ನು ಪತ್ತೆಹಚ್ಚುವ ಹಾಗೂ ನೀರು ಸಿಂಪಡಿಸುವ ವ್ಯವಸ್ಥೆ ಅಲ್ಲಿಯೂ ಇರಬೇಕು. ಹಳೆಯ ಹಡಗುಗಳಿಗೂ ಇದು ಅನ್ವಯಿಸಿತು.

ಆದರೆ ಈ ನಿಯಮಗಳು ವಸ್ತುಗಳನ್ನು ತಿದ್ದಿದವೇ ಹೊರತು ಮನುಷ್ಯರ ಅಭ್ಯಾಸವನ್ನು ಮುಟ್ಟಲಿಲ್ಲ. ಆ ಕೆಲಸವನ್ನು ಹಡಗಿನ ಕಂಪನಿಗಳು ತಮ್ಮ ತಮ್ಮ ಅನುಕೂಲ ನೋಡಿಕೊಂಡು ಮಾಡಿದವು. ಪ್ರಿನ್ಸೆಸ್ ಕಂಪನಿಯು 2012ರ ಜನವರಿಯಿಂದ ಕೊಠಡಿ ಮತ್ತು ಬಾಲ್ಕನಿಗಳಲ್ಲಿ ಧೂಮಪಾನವನ್ನು ನಿಷೇಧಿಸಿತು. ರಾಯಲ್ ಕೆರಿಬಿಯನ್ ಕಂಪನಿ 2014ರ ಜನವರಿಯಲ್ಲಿ, ಕಾರ್ನಿವಲ್ ಅದೇ ವರ್ಷದ ಅಕ್ಟೋಬರಿನಲ್ಲಿ, ನಾರ್ವೀಜಿಯನ್ ನವೆಂಬರಿನಲ್ಲಿ ಬಾಲ್ಕನಿಯ ಧೂಮಪಾನವನ್ನು ನಿಲ್ಲಿಸಿದವು. ಸೇದುವವರಿಗಾಗಿ ಮೇಲಿನ ತೆರೆದ ಅಂತಸ್ತಿನ ಒಂದು ಪಕ್ಕದಂಥ ಜಾಗಗಳನ್ನು ಗೊತ್ತುಮಾಡಿದವು. ಮೀರಿದವರಿಗೆ 250 ಡಾಲರಿನಷ್ಟು ದಂಡ ಹಾಕುವ ಪದ್ಧತಿಯೂ ಬಂದಿತು.

ಪ್ರಯಾಣಿಕರ ಮನಸ್ಸು

ಈ ನಿಷೇಧವನ್ನು ಎಲ್ಲರೂ ಸಂತೋಷದಿಂದ ಸ್ವಾಗತಿಸಿದರೆಂದು ಹೇಳಲಾಗದು. ಸೇದುವವರ ವಾದ ಹೀಗಿದೆ: ಬಾಲ್ಕನಿಗೆಂದು ಹೆಚ್ಚಿನ ಹಣ ತೆತ್ತಿದ್ದೇವೆ, ಅದು ನಮ್ಮ ಸ್ವಂತ ಜಾಗ, ಬಯಲಿನ ಗಾಳಿಯಲ್ಲಿ ಸೇದಿದರೆ ಯಾರಿಗೆ ತೊಂದರೆ? ವಯಸ್ಸಾದವರು, ಕಾಲು ನೋವಿನವರು ನಡುರಾತ್ರಿ ಎದ್ದು ಹತ್ತಾರು ಅಂತಸ್ತು ಏರಿ ಹೋಗಬೇಕೆ? ಇದರಲ್ಲಿ ಹುರುಳಿಲ್ಲವೆಂದು ತಳ್ಳಿಹಾಕಲಾಗದು. ಸೇದದವರ ವಾದವೂ ಅಷ್ಟೇ ಸರಳ: ಬಾಲ್ಕನಿಗೆ ನಾವೂ ಹಣ ತೆತ್ತಿದ್ದೇವೆ, ಪಕ್ಕದವರ ಹೊಗೆಯಿಂದಾಗಿ ಬಾಗಿಲು ತೆರೆಯದೆ ಒಳಗೆ ಕೂಡಬೇಕೆ? ಚಿಕ್ಕ ಮಕ್ಕಳಿರುವವರು, ಉಬ್ಬಸದವರು ಏನು ಮಾಡಬೇಕು?

ವ್ಯಾಪಾರದ ದೃಷ್ಟಿಯೂ ಇದರಲ್ಲಿ ಬೆರೆತಿದೆ. 1998ರಲ್ಲಿ ಕಾರ್ನಿವಲ್ ಕಂಪನಿಯು ‘ಪ್ಯಾರಡೈಸ್’ ಎಂಬ ಹಡಗನ್ನು ಸಂಪೂರ್ಣ ಧೂಮಪಾನರಹಿತವೆಂದು ಸಾರಿ ನೀರಿಗಿಳಿಸಿತ್ತು. ಸಿಗರೇಟು ಸೇದಿ ಸಿಕ್ಕಿಬಿದ್ದವರಿಗೆ ದಂಡ ವಿಧಿಸಿ ಮುಂದಿನ ಬಂದರಿನಲ್ಲಿ ಇಳಿಸಿಬಿಡುವ ಕಟ್ಟುನಿಟ್ಟು ಅಲ್ಲಿತ್ತು. ಆದರೆ ಸೇದದವರು ಮದ್ಯಕ್ಕೂ ಜೂಜಿಗೂ ಕಡಿಮೆ ಖರ್ಚು ಮಾಡುತ್ತಾರೆಂಬುದು ಕಂಪನಿಗೆ ಕಂಡುಬಂದು, 2004ರಲ್ಲಿ ಆ ವ್ರತವನ್ನು ಕೈಬಿಟ್ಟಿತು. ಒಂದು ಚಟ ಇನ್ನೊಂದು ಚಟಕ್ಕೆ ಹೇಗೆ ಊರುಗೋಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕೆ?

ವಿಮಾನಗಳಲ್ಲಿಯೂ ಒಂದು ಕಾಲಕ್ಕೆ ಧಾರಾಳವಾಗಿ ಸಿಗರೇಟು ಸೇದುತ್ತಿದ್ದರು. ಅಮೇರಿಕಾದಲ್ಲಿ 1988ರಲ್ಲಿ ಎರಡು ಗಂಟೆಯೊಳಗಿನ ಒಳನಾಡಿನ ಪ್ರಯಾಣಗಳಿಗೂ, 1990ರಲ್ಲಿ ಆರು ಗಂಟೆಯೊಳಗಿನವುಗಳಿಗೂ ನಿಷೇಧ ವಿಸ್ತರಿಸಿದಾಗ ಗೊಣಗಿದವರು ಅನೇಕರು. ಇಂದು ವಿಮಾನದಲ್ಲಿ ಸೇದಬೇಕೆಂಬ ಆಲೋಚನೆ ಕೂಡ ಯಾರಿಗೂ ಬಾರದು. ನಮ್ಮ ದೇಶದಲ್ಲಿಯೂ 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷೇಧದ ನಿಯಮಗಳು ಬಿಗಿಯಾದುದನ್ನು ವಾಚಕರು ಬಲ್ಲರು. ಇಂದಿನ ಕಟ್ಟಳೆ ನಾಳಿನ ಅಭ್ಯಾಸವಾಗುತ್ತದೆ, ಅಭ್ಯಾಸವೇ ಮುಂದೆ ಸಂಸ್ಕಾರವಾಗುತ್ತದೆ.

ನೆರೆಯವರ ನಡೆ

ಮತ್ತೆ ನಮ್ಮ ಪ್ರವಾಸದ ವಿಷಯಕ್ಕೆ ಬರೋಣ. ಮೂರನೆಯ ದಿನ ಪಕ್ಕದ ಕೊಠಡಿಯವರು ಓಣಿಯಲ್ಲಿ ಎದುರಾದರು. ಎಪ್ಪತ್ತು ದಾಟಿದ ವೃದ್ಧರು, ಕೈಯಲ್ಲಿ ಊರುಗೋಲು. ನಮ್ಮ ಹಣೆಯ ವಿಭೂತಿಯನ್ನು ನೋಡಿ ಕುತೂಹಲದಿಂದ ಅದರ ಅರ್ಥ ಕೇಳಿದರು. ನಾವು ತಿಳಿದಷ್ಟು ಹೇಳಿದೆವು. ಬೆಳಗಿನ ಪೂಜೆಯ ವಿಷಯವೂ, ಮನೆಯಾಕೆಯ ಉಬ್ಬಸದ ವಿಷಯವೂ ಮಾತಿನಲ್ಲಿ ಬಂದಿತು. ಅವರ ಮುಖ ಸಪ್ಪಗಾಯಿತು. ಐವತ್ತು ವರ್ಷದಿಂದ ಅಂಟಿಕೊಂಡ ಚಟ, ಬಿಡಲು ಹಲವು ಸಲ ಪ್ರಯತ್ನಿಸಿ ಸೋತೆ, ನಿಮಗೆ ತೊಂದರೆಯಾಗುತ್ತಿದೆಯೆಂದು ನಿಜವಾಗಿಯೂ ತಿಳಿದಿರಲಿಲ್ಲ, ಕ್ಷಮಿಸಬೇಕು ಎಂದರು. ನಿಮ್ಮ ಪೂಜೆ ಎಷ್ಟು ಗಂಟೆಗೆ ಎಂದು ಕೇಳಿ ತಿಳಿದುಕೊಂಡರು. ಮರುದಿನದಿಂದ ಆ ಹೊತ್ತಿಗೆ ಅವರು ಊರುಗೋಲು ಹಿಡಿದು ಮೇಲಿನ ಅಂತಸ್ತಿಗೆ ಹೋಗತೊಡಗಿದರು. ಉಳಿದ ದಿನಗಳ ಪೂಜೆ ನಿರ್ವಿಘ್ನವಾಗಿ ನಡೆಯಿತು.

ಎರಡು ದಿನ ಆ ಮನುಷ್ಯರನ್ನು ಮನಸ್ಸಿನಲ್ಲಿಯೇ ಬೈದುಕೊಂಡಿದ್ದ ನಮಗೆ ನಾಚಿಕೆಯಾಯಿತು. ಪಂಚಾಚಾರಗಳಲ್ಲಿ ಒಂದಾದ ಭೃತ್ಯಾಚಾರವನ್ನು, ಎಂದರೆ ಎಲ್ಲರಿಗಿಂತ ಕಿರಿಯರಾಗಿ ವಿನಯದಿಂದ ನಡೆಯುವುದನ್ನು, ನಾವು ಭಾಷಣಗಳಲ್ಲಿ ಕೇಳಿದ್ದೆವು. ಅದರ ಹೆಸರನ್ನೂ ಅರಿಯದ ಒಬ್ಬರು ಅದನ್ನು ನಡೆದು ತೋರಿಸಿದರು.

ಹಾಗಾದರೆ ನಿಯಮವೇಕೆ, ಪರಸ್ಪರ ಸೌಜನ್ಯವೇ ಸಾಲದೇ ಎಂದು ಯಾರಾದರೂ ಕೇಳಬಹುದು. ಸಾಲದು. ಹೊಗೆಯ ತೊಂದರೆಯನ್ನು ಸೌಜನ್ಯದಿಂದ ಪರಿಹರಿಸಿಕೊಳ್ಳಬಹುದು. ಆದರೆ ಎಷ್ಟೇ ಸಜ್ಜನರ ಕೈಯಿಂದ ಜಾರಿದರೂ ಕಿಡಿ ಕಿಡಿಯೇ. ಆದುದರಿಂದ ಬಾಲ್ಕನಿಯ ನಿಷೇಧವು ಸರಿಯಾದುದೆಂದೇ ನಮ್ಮ ಖಚಿತ ಅಭಿಪ್ರಾಯ. ನಿಯಮವು ಕಿಡಿಯನ್ನು ತಡೆಯಲಿ, ಆದರೆ ಸೇದುವವರನ್ನು ತುಚ್ಛವಾಗಿ ಕಾಣುವ ಅಧಿಕಾರವನ್ನು ಅದು ಯಾರಿಗೂ ಕೊಡುವುದಿಲ್ಲ.

ಕುಟುಂಬದವರಿಗೆ ಕೆಲವು ಸಲಹೆಗಳು

ಇಂಥ ಪ್ರವಾಸಕ್ಕೆ ಹೊರಡುವ ಬಂಧುಗಳು ಟಿಕೀಟು ಕೊಳ್ಳುವ ಮೊದಲೇ ಆ ಹಡಗಿನ ಧೂಮಪಾನದ ನಿಯಮಗಳನ್ನು ಕೇಳಿ ತಿಳಿದುಕೊಳ್ಳಬೇಕು. ಅವು ಕಂಪನಿಯಿಂದ ಕಂಪನಿಗೆ ಬೇರೆಯಾಗಿರುತ್ತವೆ, ಆಗಾಗ ಬದಲಾಗುತ್ತವೆ. ಉಬ್ಬಸದವರಿದ್ದರೆ ಧೂಮಪಾನಕ್ಕೆ ಗೊತ್ತುಮಾಡಿದ ಜಾಗದಿಂದ ದೂರವಿರುವ ಕೊಠಡಿಯನ್ನು ಆರಿಸಿಕೊಳ್ಳುವುದು ಲೇಸು. ಬಾಲ್ಕನಿಯಲ್ಲಿ ಬಟ್ಟೆಬರೆ ಹರವಿ ಬಿಟ್ಟುಹೋಗಬಾರದು. ಮೊದಲ ದಿನ ನಡೆಯುವ ಸುರಕ್ಷತೆಯ ತಾಲೀಮನ್ನು ಬೇಸರಿಸದೆ ಗಮನವಿಟ್ಟು ನೋಡಬೇಕು. ಪಕ್ಕದವರ ಹೊಗೆಯಿಂದ ತೊಂದರೆಯಾದರೆ ಮೊದಲು ಸಿಬ್ಬಂದಿಗೆ ಶಾಂತವಾಗಿ ತಿಳಿಸಬೇಕು. ಊದುಬತ್ತಿ, ಕರ್ಪೂರ, ದೀಪಗಳನ್ನು ಗುಟ್ಟಾಗಿ ಒಯ್ದು ಹಚ್ಚುವ ಸಾಹಸವನ್ನು ಎಂದಿಗೂ ಮಾಡಬಾರದು. ಭಕ್ತಿಯ ಹೆಸರಿನಲ್ಲಿ ಮೂರು ಸಾವಿರ ಜೀವಗಳನ್ನು ಅಪಾಯಕ್ಕೆ ಒಡ್ಡುವುದು ಶಿವನಿಗೆ ಮೆಚ್ಚುಗೆಯಾಗಲಾರದು.

ನಮ್ಮ ಮನೆಗಳ ಯುವಕರಲ್ಲಿಯೂ ಈ ಚಟ ಸೇರಿಕೊಂಡಿರುವುದು ಗುಟ್ಟೇನಲ್ಲ. ಹಿರಿಯರ ಕಣ್ಣು ತಪ್ಪಿಸಿ ಮನೆಯ ಬಾಲ್ಕನಿಯಲ್ಲಿ, ಮಾಳಿಗೆಯ ಮೇಲೆ ಸೇದುವವರು ಎಷ್ಟು ಮಂದಿಯೋ. ತಂಬಾಕಿನಿಂದ ಜಗತ್ತಿನಲ್ಲಿ ಪ್ರತಿ ವರ್ಷ 70 ಲಕ್ಷಕ್ಕೂ ಹೆಚ್ಚು ಜನ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅವರಲ್ಲಿ ತಾವು ಎಂದೂ ಸೇದದೆ, ಬೇರೆಯವರ ಹೊಗೆಯನ್ನು ಕುಡಿದವರೂ ಸೇರಿದ್ದಾರೆ. ಗದರಿಸಿದರೆ ಚಟ ಅಡಗಿಕೊಳ್ಳುತ್ತದೆ, ಹೋಗುವುದಿಲ್ಲ. ಹತ್ತಿರ ಕೂರಿಸಿಕೊಂಡು, ನಿನ್ನ ಹೊಗೆ ನಿನ್ನ ತಾಯಿಯ ಉಸಿರಿಗೆ ಹೋಗುತ್ತಿದೆ ಎಂದು ಒಮ್ಮೆ ಮೆಲ್ಲಗೆ ಹೇಳಿ ನೋಡಬೇಕು. ಆ ಹಡಗಿನ ವೃದ್ಧರಂತೆ, ಅನೇಕರಿಗೆ ಅದು ನಿಜವಾಗಿಯೂ ತಿಳಿದಿರುವುದಿಲ್ಲ.

ದೀಪಧೂಪಗಳಿಲ್ಲದೆ ಏಳು ದಿನ ಮಾಡಿದ ಆ ಪೂಜೆಯನ್ನು ನಮ್ಮ ಧರ್ಮಪತ್ನಿಯವರು ಇಂದಿಗೂ ನೆನೆಯುತ್ತಾರೆ. ಅಷ್ಟು ನೆಮ್ಮದಿಯಾಗಿ ಲಿಂಗವನ್ನು ನೋಡುತ್ತ ಕುಳಿತದ್ದು ಅದೇ ಮೊದಲು ಎನ್ನುತ್ತಾರೆ. ನಾವು ಊದುಬತ್ತಿಯನ್ನು ಬಿಟ್ಟೆವು, ನೆರೆಯವರು ಆ ಹೊತ್ತಿನ ಸಿಗರೇಟನ್ನು ಬಿಟ್ಟರು. ನಡುವಿನ ತೆಳುವಾದ ಅಡ್ಡತಟ್ಟೆಯ ಎರಡೂ ಬದಿಗೆ ಗಾಳಿ ಶುದ್ಧವಾಗಿತ್ತು.