ಹೋಲಿಫೀಲ್ಡ್–ಲೂಯಿಸ್ ಡ್ರಾ: ಕೈಸೋತವರು ಯಾರು?

ಜಾತ್ರೆಯ ನಿಕಾಲಿ ಕುಸ್ತಿ ನೋಡಿ ಬೆಳೆದ ನಮ್ಮ ಗಡಿಭಾಗದ ಜನರಿಗೆ ಬಾಕ್ಸಿಂಗ್‌ನ ಒಂದು ಸಂಗತಿ ಬೇಗ ತಲೆಗೆ ಹೋಗುವುದಿಲ್ಲ. ಕುಸ್ತಿಯಲ್ಲಿ ಪೈಲ್ವಾನನ ಬೆನ್ನು ಮಣ್ಣಿಗೆ ತಾಗಿತೋ, ಅಲ್ಲಿಗೆ ಮುಗಿಯಿತು. ಬಾಕ್ಸಿಂಗ್‌ನಲ್ಲಿ ಹಾಗಲ್ಲ. ಇಬ್ಬರೂ ಕೊನೆಯವರೆಗೆ ನಿಂತೇ ಇದ್ದರೆ, ರಿಂಗಿನ ಪಕ್ಕ ಕುಳಿತ ಮೂವರು ಚೀಟಿಯಲ್ಲಿ ಬರೆದದ್ದೇ ತೀರ್ಪು. ಇಂಥ ಚೀಟಿಯಿಂದ ಎದ್ದ ದೊಡ್ಡ ಜಗಳಗಳಲ್ಲಿ ಒಂದು 1999ರ ಮಾರ್ಚ್ 13ರ ರಾತ್ರಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಡೆಯಿತು. ಬಾಕ್ಸಿಂಗ್ ಬಲ್ಲವರು ಸೇರಿದಲ್ಲಿ ಅದರ ವಾದ ಇಂದಿಗೂ ನಿಂತಿಲ್ಲ.

ಅಂದು ಎದುರಾದವರು ಇಬ್ಬರೂ ಹೆವಿವೇಟ್ ಚಾಂಪಿಯನ್ನರು, ಇಬ್ಬರೂ ಪಳಗಿದ ಹಳೆಯ ಹುಲಿಗಳು. ಅಮೆರಿಕದ ಇವಾಂಡರ್ ಹೋಲಿಫೀಲ್ಡ್‌ಗೆ 36 ವರ್ಷ. 1996 ಮತ್ತು 1997ರಲ್ಲಿ ಎರಡು ಸಲ ಮೈಕ್ ಟೈಸನ್‌ನನ್ನು ಸೋಲಿಸಿದ್ದ, ಎರಡನೆಯ ಸಲ ಕಿವಿ ಕಚ್ಚಿಸಿಕೊಂಡಿದ್ದ ಬಾಕ್ಸರ್ ಈತನೇ. ಬ್ರಿಟನ್ನಿನ ಲೆನಾಕ್ಸ್ ಲೂಯಿಸ್‌ಗೆ 33 ವರ್ಷ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಕೆನಡಾ ಪರವಾಗಿ ಆಡಿ ಚಿನ್ನ ಗೆದ್ದವನು. ಡಬ್ಲ್ಯೂಬಿಎ ಮತ್ತು ಐಬಿಎಫ್ ಬೆಲ್ಟುಗಳು ಹೋಲಿಫೀಲ್ಡ್ ಬಳಿ ಇದ್ದವು, ಡಬ್ಲ್ಯೂಬಿಸಿ ಬೆಲ್ಟು ಲೂಯಿಸ್ ಬಳಿ ಇತ್ತು. ಗೆದ್ದವನಿಗೆ ಮೂರೂ ಬೆಲ್ಟು, ಜಗತ್ತಿಗೆ ಒಬ್ಬನೇ ಚಾಂಪಿಯನ್. ಆದರೆ 12 ಸುತ್ತು ಮುಗಿದಾಗ ಬಂದ ತೀರ್ಪು ಡ್ರಾ!

ಲೆಕ್ಕ ಹೇಳುವುದೇನು?

ಪಂಚ್‌ಗಳನ್ನು ಎಣಿಸುವವರ ಪ್ರಕಾರ ಲೂಯಿಸ್ 613 ಪಂಚ್ ಹೊಡೆದು 348 ತಾಗಿಸಿದ. ಹೋಲಿಫೀಲ್ಡ್ 385 ಹೊಡೆದು 130 ಮಾತ್ರ ತಾಗಿಸಿದ. ಒಬ್ಬ ಇನ್ನೊಬ್ಬನಿಗಿಂತ ಎರಡೂವರೆ ಪಟ್ಟಿಗೂ ಹೆಚ್ಚು ಹೊಡೆದಿದ್ದಾನೆ. ಹಾಗಿದ್ದ ಮೇಲೆ ಡ್ರಾ ಹೇಗೆ?

ಇಲ್ಲಿ ಅಂಕ ಹಾಕುವ ಪದ್ಧತಿ ತಿಳಿದುಕೊಳ್ಳಬೇಕು. ಪಂಚ್‌ಗಳ ಒಟ್ಟು ಮೊತ್ತಕ್ಕೆ ಬೆಲೆಯಿಲ್ಲ. ಪ್ರತಿ ಸುತ್ತಿಗೂ ಬೇರೆ ಬೇರೆ ತೀರ್ಪು. ಸುತ್ತು ಗೆದ್ದವನಿಗೆ 10, ಸೋತವನಿಗೆ 9. ಕೂದಲೆಳೆಯಲ್ಲಿ ಗೆದ್ದರೂ ಸಾಮಾನ್ಯವಾಗಿ ಅಷ್ಟೇ, ಚೆನ್ನಾಗಿ ಬಾರಿಸಿ ಗೆದ್ದರೂ ಅಷ್ಟೇ. ಎದುರಾಳಿಯನ್ನು ನೆಲಕ್ಕೆ ಕೆಡವಿದರೆ ಮಾತ್ರ ಸಾಧಾರಣವಾಗಿ 10–8 ಆಗುತ್ತದೆ. ಸುತ್ತು ಸಮ ಎನಿಸಿದರೆ 10–10.

ಈ ಕಣ್ಣಿನಿಂದ ಮೂರು ಚೀಟಿ ನೋಡೋಣ. ದಕ್ಷಿಣ ಆಫ್ರಿಕಾದ ಸ್ಟ್ಯಾನ್ಲಿ ಕ್ರಿಸ್ಟೊಡೂಲೂ ಕೊಟ್ಟದ್ದು ಲೂಯಿಸ್‌ಗೆ 116–113. ಅಂದರೆ ಲೂಯಿಸ್‌ಗೆ 7 ಸುತ್ತು, ಹೋಲಿಫೀಲ್ಡ್‌ಗೆ 4, ಒಂದು ಸಮ. ಅಮೆರಿಕದ ಯೂಜೀನಿಯಾ ವಿಲಿಯಮ್ಸ್ ಕೊಟ್ಟದ್ದು ಹೋಲಿಫೀಲ್ಡ್‌ಗೆ 115–113, ಅಂದರೆ 7 ಸುತ್ತು ಹೋಲಿಫೀಲ್ಡ್‌ಗೆ, 5 ಲೂಯಿಸ್‌ಗೆ. ಬ್ರಿಟನ್ನಿನ ಲ್ಯಾರಿ ಓಕಾನಲ್ ಕೊಟ್ಟದ್ದು 115–115, ತಲಾ 5 ಸುತ್ತು, ಎರಡು ಸಮ. ಲೂಯಿಸ್‌ನ ದೇಶದವನೇ ಅವನಿಗೆ ಗೆಲುವು ಕೊಡಲಿಲ್ಲ ಎಂಬುದನ್ನು ಗಮನಿಸಬೇಕು.

ಐದನೆಯ ಸುತ್ತು

ಎಲ್ಲರ ಸಿಟ್ಟು ತಿರುಗಿದ್ದು ವಿಲಿಯಮ್ಸ್ ಮೇಲೆ. ಕಾರಣ ಐದನೆಯ ಸುತ್ತು. ಆ ಸುತ್ತಿನಲ್ಲಿ ಲೂಯಿಸ್ ಹೋಲಿಫೀಲ್ಡ್‌ನನ್ನು ಹಗ್ಗಕ್ಕೆ ಒತ್ತಿ 43 ಪಂಚ್ ತಾಗಿಸಿದ, ವಾಪಸು ತಿಂದದ್ದು 11. ಆದರೂ ವಿಲಿಯಮ್ಸ್ ಸುತ್ತನ್ನು ಹೋಲಿಫೀಲ್ಡ್‌ಗೆ ಬರೆದರು. ಛಾಯಾಗ್ರಾಹಕರು ಅಡ್ಡ ಬಂದಿದ್ದರು ಎಂದು ಅವರು ನಂತರ ಹೇಳಿದರು. ನ್ಯೂಯಾರ್ಕಿನಲ್ಲಿ ವಿಚಾರಣೆಯೂ ನಡೆಯಿತು.

ಆದರೆ ಚೀಟಿಯನ್ನು ಸ್ವಲ್ಪ ತಿದ್ದಿ ನೋಡಿ. ಐದನೆಯ ಸುತ್ತು 10–9ರಂತೆ ಲೂಯಿಸ್‌ಗೆ ಹೋಯಿತೆನ್ನಿ. ಆಗ ವಿಲಿಯಮ್ಸ್ ಚೀಟಿ 114–114 ಆಗುತ್ತದೆ. ಒಂದು ಚೀಟಿ ಲೂಯಿಸ್‌ಗೆ, ಎರಡು ಸಮ. ಫಲಿತಾಂಶ ಆಗಲೂ ಡ್ರಾ! ಅಷ್ಟು ಬೈಸಿಕೊಂಡ ಆ ಒಂದು ಸುತ್ತಿನ ತಪ್ಪನ್ನು ಸರಿಪಡಿಸಿದರೂ ಲೂಯಿಸ್ ಗೆಲ್ಲುತ್ತಿರಲಿಲ್ಲ.

ಅದೇ ಸುತ್ತಿನಲ್ಲಿ ಲೂಯಿಸ್ ಒಂದೇ ಒಂದು ಸಲ ಹೋಲಿಫೀಲ್ಡ್‌ನನ್ನು ಕೆಡವಿದ್ದರೆ? 10–8ರ ಲೆಕ್ಕದಲ್ಲಿ ಆ ಚೀಟಿ ಲೂಯಿಸ್ ಕಡೆಗೆ 114–113 ಆಗುತ್ತಿತ್ತು. ಉಳಿದಿಬ್ಬರ ಚೀಟಿಗೆ ಕೈ ಹಚ್ಚದೆಯೇ ಮೂರು ಬೆಲ್ಟೂ ಅವನವೇ. ನೆಲಕ್ಕೆ ಬಿದ್ದವನನ್ನು ಯಾವ ಛಾಯಾಗ್ರಾಹಕನೂ ಮರೆಮಾಡಲಾರ.

ಲೂಯಿಸ್ ಏಕೆ ಹಿಂಜರಿದ?

ಲೂಯಿಸ್ ಎತ್ತರ 6 ಅಡಿ 5 ಅಂಗುಲ, ಅಂದಿನ ತೂಕ 246 ಪೌಂಡ್. ಹೋಲಿಫೀಲ್ಡ್ 215 ಪೌಂಡ್. ಸುಮಾರು 14 ಕಿಲೋ ವ್ಯತ್ಯಾಸ. ಇಷ್ಟು ಮೈಬಲವಿದ್ದೂ ಲೂಯಿಸ್ ಮುಗಿಸಲು ನುಗ್ಗಲಿಲ್ಲ, ದೂರ ನಿಂತು ಎಡಗೈ ಜಾಬ್‌ಗೆ ಮರಳಿದ. ಇದಕ್ಕೆ ಹಿಂದಿನ ಒಂದು ಪೆಟ್ಟನ್ನು ನೆನೆಯಬೇಕು. 1994ರಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಆಲಿವರ್ ಮೆಕಾಲ್ ಎರಡನೆಯ ಸುತ್ತಿನಲ್ಲಿ ಒಂದೇ ಬಲಗೈ ಪಂಚ್‌ಗೆ ಅವನನ್ನು ಉರುಳಿಸಿ ಬೆಲ್ಟು ಕಿತ್ತುಕೊಂಡಿದ್ದ. ಅಂದು ಮೆಕಾಲ್‌ನನ್ನು ತಯಾರು ಮಾಡಿದ್ದ ಎಮ್ಯಾನುಯೆಲ್ ಸ್ಟೀವರ್ಡ್‌ನನ್ನೇ ಲೂಯಿಸ್ ಆಮೇಲೆ ತನ್ನ ಗುರುವಾಗಿ ಇಟ್ಟುಕೊಂಡ. ಆ ಸೋಲಿನ ನಂತರ ಎಚ್ಚರಿಕೆ ಅವನ ಸ್ವಭಾವವಾಯಿತು. ಹೋಲಿಫೀಲ್ಡ್ ಏಟು ತಿಂದೂ ತಿರುಗಿ ಬೀಳುವವನೆಂದು ಹೆಸರಾದವನು. ಆದ್ದರಿಂದ ಆ ಎಚ್ಚರಿಕೆಯನ್ನು ಹೇಡಿತನ ಎನ್ನುವುದು ನ್ಯಾಯವಲ್ಲ. ಆದರೆ ಅದಕ್ಕೆ ಬೆಲೆ ತೆರಬೇಕಾಯಿತು ಎಂಬುದು ನಿಜ.

ಹೋಲಿಫೀಲ್ಡ್ ಪಾಡು

ಹೋಲಿಫೀಲ್ಡ್ ಕೊರತೆ ಬೇರೆ ಬಗೆಯದು. ಮೂರನೆಯ ಸುತ್ತಿನಲ್ಲೇ ನಾಕೌಟ್ ಮಾಡುತ್ತೇನೆಂದು ಮೊದಲೇ ಸಾರಿಬಿಟ್ಟಿದ್ದ. ಮೂರನೆಯ ಸುತ್ತಿನಲ್ಲಿ ನುಗ್ಗಿದ್ದೂ ಹೌದು, ಅವನ ಒಳ್ಳೆಯ ಸುತ್ತು ಅದೇ. ಲೂಯಿಸ್ ನಿಂತೇ ಇದ್ದ. ಆಡಿದ ಮಾತು ನಡೆಯದೆ ಹೋದ ಮೇಲೆ ಅವನ ಹತ್ತಿರ ಬೇರೆ ಉಪಾಯ ಕಾಣಲಿಲ್ಲ. ಹೊಟ್ಟೆ ಕೆಟ್ಟಿತ್ತು, ಕಾಲು ಸೆಳೆತ ಬಂದಿತ್ತು ಎಂದು ನಂತರ ಹೇಳಿಕೊಂಡ. ಆದರೆ 12 ಸುತ್ತಿನಲ್ಲೂ ಬೀಳದೆ ನಿಂತದ್ದೇ ಅವನ ಬೆಲ್ಟುಗಳನ್ನು ಉಳಿಸಿತು.

ಮರುಪಂದ್ಯ 1999ರ ನವೆಂಬರ್ 13ರಂದು ಲಾಸ್ ವೇಗಸ್‌ನಲ್ಲಿ ನಡೆಯಿತು. ಈ ಸಲ ಹೋಲಿಫೀಲ್ಡ್ ಮೊದಲಿಗಿಂತ ಚೆನ್ನಾಗಿ ಆಡಿದ, ಆದರೂ ಮೂವರೂ ತೀರ್ಪುಗಾರರು ಲೂಯಿಸ್‌ಗೇ ಗೆಲುವು ಬರೆದರು: 116–112, 117–111, 115–113. ಚೆನ್ನಾಗಿ ಆಡಿದ ರಾತ್ರಿ ಸೋಲು, ಸೋಲಬೇಕಾದ ರಾತ್ರಿ ಡ್ರಾ. ಹೋಲಿಫೀಲ್ಡ್ ಪಾಲಿಗೆ ಆ ವರ್ಷ ಹೀಗೆ ಮುಗಿಯಿತು.

ಹಾಗಾದರೆ ಮಾರ್ಚ್ ರಾತ್ರಿ ಕೈಸೋತವರು ಯಾರು? ಈ ಲೇಖಕನ ಅಭಿಪ್ರಾಯದಲ್ಲಿ ಆಟದಲ್ಲಿ ಹಿಂದೆ ಬಿದ್ದವನು ಹೋಲಿಫೀಲ್ಡ್, ಆಟವನ್ನು ಮುಗಿಸುವುದರಲ್ಲಿ ಹಿಂದೆ ಬಿದ್ದವನು ಲೂಯಿಸ್. ತೀರ್ಪುಗಾರರ ತಪ್ಪು ದೊಡ್ಡದೇ. ಆದರೆ ಐದನೆಯ ಸುತ್ತಿನಲ್ಲಿ ಹೋಲಿಫೀಲ್ಡ್ ಹಗ್ಗಕ್ಕೆ ಒರಗಿದ್ದಾಗ, ತೀರ್ಪು ಇನ್ನೂ ಲೂಯಿಸ್‌ನ ಕೈಯಲ್ಲೇ ಇತ್ತು. ಅದನ್ನು ಚೀಟಿ ಬರೆಯುವವರಿಗೆ ಬಿಟ್ಟುಕೊಟ್ಟವನು ಅವನೇ.