ತೆರಪಿನ ಓದಿಗೆ ಪುಸ್ತಕದ ದಾರಿ

ಅಂಚೆಯಲ್ಲಿ ಪಾಠ ಬರುತ್ತದೆ, ಕೇಂದ್ರದಲ್ಲಿ ಪರೀಕ್ಷೆ ನಡೆಯುತ್ತದೆ, ಕೊನೆಗೆ ಪದವಿಯೂ ಕೈಗೆ ಸಿಗುತ್ತದೆ. ಎಲ್ಲಾ ಸರಿ, ಲೈಬ್ರರಿ ಎಲ್ಲಿ? ದೂರಶಿಕ್ಷಣಕ್ಕೆ ಸೇರಿದ ಯಾರನ್ನಾದರೂ ಹೀಗೆ ಕೇಳಿ ನೋಡಿ. "ನಮಗೆಂಥಾ ಲೈಬ್ರರಿ ಸಾರ್, ಕೊಟ್ಟ ಪುಸ್ತಕ ಓದಿದ್ರೆ ಸಾಕು" ಅಂತಾರೆ. ಭಾನುವಾರದ ಸಂಪರ್ಕ ತರಗತಿಗಳಲ್ಲಿ ಪಾಠ ಹೇಳುವ ನಾನು ಈ ಮಾತನ್ನು ಅದೆಷ್ಟು ಸಲ ಕೇಳಿದ್ದೇನೋ! ಅದು ಸಾಲದು, ಸಾಕೆಂದು ಒಪ್ಪಿಕೊಂಡರೆ ನಷ್ಟ ನಮಗೇ ಎಂಬುದನ್ನು ನಾಲ್ಕು ಮಾತಿನಲ್ಲಿ ಹೇಳೋಣವೆಂದು ಹೊರಟಿದ್ದೇನೆ.

ನಮ್ಮ ಕಾಸಿಮೇಡನ್ನೇ ತೆಗೆದುಕೊಳ್ಳಿ. ಇಲ್ಲಿ ದುಡಿಮೆ ಶುರುವಾಗುವುದು ಊರೆಲ್ಲ ಮಲಗಿರುವಾಗ. ಬೋಟುಗಳಿಂದ ಮೀನಿಳಿದು, ಬೆಳಕು ಹರಿಯುವ ಮೊದಲೇ ಹರಾಜು ನಡೆಯುತ್ತದೆ. ಮೀನು ಹೊರುವವರು, ಐಸು ಒಡೆಯುವವರು, ಲೆಕ್ಕ ಬರೆಯುವವರು ಮನೆಗೆ ಹೋಗಿ ಕಣ್ಣು ಮುಚ್ಚುವ ಹೊತ್ತಿಗೆ ಲೈಬ್ರರಿಯ ಬಾಗಿಲು ತೆರೆಯುತ್ತದೆ. ಇಂಥ ಮನೆಯ ಹುಡುಗನೋ ಹುಡುಗಿಯೋ ಅಂಚೆಯಲ್ಲಿ ಬಿ.ಎ. ಓದುತ್ತಿದ್ದರೆ, ಒಂದು ಪುಸ್ತಕಕ್ಕಾಗಿ ಚೇಪಾಕಕ್ಕೆ ಹೋಗಿ ಬರುವುದೆಂದರೆ ನಿದ್ದೆಯನ್ನೋ ಕೂಲಿಯನ್ನೋ ಬಿಟ್ಟಂತೆ. ಏಪ್ರಿಲ್ 15ರಿಂದ ಜೂನ್ 14ರವರೆಗೆ 61 ದಿನ ಪೂರ್ವ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ನಿಷೇಧ. ಸ್ವಲ್ಪ ಪುರುಸೊತ್ತು ಸಿಗುವುದು ಆಗಲೇ. ಪುಸ್ತಕ ಬೇಕಾಗುವುದೂ ಆಗಲೇ.

ಈ ಪುರುಸೊತ್ತಿಗೆ ಕನ್ನಡದಲ್ಲಿ ಚೆಂದದ ಮಾತಿದೆ: ತೆರಪು. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಶುರುಮಾಡಿದ ಸಂಸ್ಥೆಗೆ 'ಅಂಚೆ ಮತ್ತು ತೆರಪಿನ ಶಿಕ್ಷಣ' ಎಂದೇ ಹೆಸರಿತ್ತು. 1996ರಲ್ಲಿ ಅದೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಅದಕ್ಕೂ ಮೊದಲು, 1962ರಲ್ಲಿ, ದೆಹಲಿ ವಿಶ್ವವಿದ್ಯಾನಿಲಯ ಅಂಚೆ ಪಾಠ ಆರಂಭಿಸಿತ್ತು. ಮದ್ರಾಸು ವಿಶ್ವವಿದ್ಯಾನಿಲಯ 1981ರಲ್ಲಿ ಈ ದಾರಿಗೆ ಬಂತು. 1985ರಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ, 2002ರಲ್ಲಿ ತಮಿಳುನಾಡು ಮುಕ್ತ ವಿಶ್ವವಿದ್ಯಾನಿಲಯ ಹುಟ್ಟಿದವು. ಮಾನ್ಯತೆ ಪಡೆದ ದೂರಶಿಕ್ಷಣದ ಪದವಿ ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮ ಎಂದು ಯು.ಜಿ.ಸಿ. 2022ರ ಸೆಪ್ಟೆಂಬರಿನಲ್ಲಿ ಮತ್ತೆ ಸ್ಪಷ್ಟಪಡಿಸಿತು. ಪದವಿ ಸಮವಾದರೆ ಪುಸ್ತಕವೂ ಸಮವಾಗಬೇಕಲ್ಲವೆ?

ಅಂಚೆಯಲ್ಲಿ ಬರುವ ಪಾಠವನ್ನು ಹಗುರ ಮಾಡುತ್ತಿಲ್ಲ. ಆದರೆ ಅದು ಒಬ್ಬರು ಓದಿ, ಜರಡಿ ಹಿಡಿದು ಕೊಟ್ಟ ಸಾರ. ಮೂಲವನ್ನು ತಾನೇ ತೆರೆದು 'ಹೀಗೂ ಉಂಟೆ?' ಎಂದು ಕೇಳುವುದೇ ವಿದ್ಯೆ. ಹಳಗನ್ನಡದ ಒಂದು ಪದ ಅರ್ಥವಾಗಲಿಲ್ಲ ಅನ್ನಿ. ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿದ ಕಿಟ್ಟೆಲ್ ನಿಘಂಟನ್ನು 1968–71ರಲ್ಲಿ ಪ್ರಕಟಿಸಿದ್ದು ಇದೇ ಮದ್ರಾಸು ವಿಶ್ವವಿದ್ಯಾನಿಲಯ. ನಾಲ್ಕು ದಪ್ಪ ಸಂಪುಟ. ಅದನ್ನು ಪ್ರತಿ ವಿದ್ಯಾರ್ಥಿ ಕೊಳ್ಳಲಾಗುವುದಿಲ್ಲ. ಲೈಬ್ರರಿಯಲ್ಲಿರುವವರು ಆ ಪುಟ ತೆಗೆದು ಅರ್ಥ ತಿಳಿಸಿದರೆ ಆಯ್ತು. ಇದಕ್ಕೆ ಪರಾಮರ್ಶನ ಸೇವೆ ಅಂತ ಹೆಸರು. ಒಂದು ಕಾಗದ, ಇಲ್ಲವೆ ಒಂದು ಫೋನಿನಲ್ಲಿ ಆಗುವ ಕೆಲಸ.

ಅಮೆರಿಕದ ಕಾಲೇಜು ಮತ್ತು ಸಂಶೋಧನ ಗ್ರಂಥಾಲಯಗಳ ಸಂಘ 2008ರ ತನ್ನ ಮಾನದಂಡಗಳಲ್ಲಿ ಈ ವಿಷಯಕ್ಕೆ ಒಂದು ತತ್ವವನ್ನೇ ಇಟ್ಟಿತು. ವಿದ್ಯಾರ್ಥಿಯಾಗಲಿ ಅಧ್ಯಾಪಕನಾಗಲಿ, ಎಲ್ಲೇ ಇದ್ದರೂ, ಆವರಣದ ಒಳಗಿರುವವರಿಗೆ ಸಿಗುವಷ್ಟೇ ಲೈಬ್ರರಿ ಸೇವೆಗೆ ಹಕ್ಕುದಾರ ಎಂಬುದು ಅದರ ತಿರುಳು. 'ಅಧ್ಯಾಪಕ' ಎಂದದ್ದನ್ನು ಗಮನಿಸಿ. ಸಂಪರ್ಕ ತರಗತಿ ನಡೆಸುವವರು ಸಾಮಾನ್ಯವಾಗಿ ಬೇರೆ ಕಾಲೇಜಿನಿಂದ ಬಂದವರು. ನಾನು ಒಂದು ಕಡೆ ಪಾಠ ಹೇಳುತ್ತಿದ್ದಾಗ, ಆ ವಿಶ್ವವಿದ್ಯಾನಿಲಯದ ಲೈಬ್ರರಿ ಕಾರ್ಡು ನನಗೆ ಕೊಡಲಿಲ್ಲ. ಖಾಯಂ ನೌಕರರಿಗೆ ಮಾತ್ರವಂತೆ. ಕಲಿಸುವವನಿಗೇ ಪುಸ್ತಕ ಸಿಗದಿದ್ದರೆ ಕಲಿಯುವವರಿಗೆ ಯಾವ ಪುಸ್ತಕ ಓದಿ ಅಂತ ಹೇಳೋದು?

ಇದೆಲ್ಲ ಪರದೇಶದ ಮಾತು ಅನ್ನಬೇಡಿ. 1924ರಲ್ಲಿ ಮದ್ರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾದ ಎಸ್. ಆರ್. ರಂಗನಾಥನ್, 1931ರಲ್ಲಿ ಪ್ರಕಟಿಸಿದ ಪಂಚಸೂತ್ರಗಳಲ್ಲಿ ಓದುಗನ ಹೊತ್ತು ಉಳಿಸುವುದನ್ನೂ ಒಂದು ಸೂತ್ರವಾಗಿ ಸೇರಿಸಿದರು. ಅದೇ 1931ರಲ್ಲಿ ಮನ್ನಾರ್‌ಗುಡಿಯ ಸುತ್ತಲ ಹಳ್ಳಿಗಳಿಗೆ ಎತ್ತಿನ ಗಾಡಿಯಲ್ಲಿ ಲೈಬ್ರರಿ ಹೊರಟಿತು. ಎತ್ತಿನ ಗಾಡಿಗೆ ಆದದ್ದು ಅಂಚೆಗೆ ಯಾಕಾಗಬಾರದು? ಪುಸ್ತಕಗಳಿಗಿದ್ದ ರಿಯಾಯಿತಿಯ ರಿಜಿಸ್ಟರ್ಡ್ ಬುಕ್ ಪೋಸ್ಟು 2024ರ ಡಿಸೆಂಬರಿನಲ್ಲಿ ನಿಂತುಹೋಯಿತು, ನಿಜ. ಆದರೆ 2025ರ ಮೇ 1ರಿಂದ 'ಜ್ಞಾನ್ ಪೋಸ್ಟ್' ಬಂತು. ಆರಂಭದ ದರದಲ್ಲಿ 300 ಗ್ರಾಂವರೆಗಿನ ಪುಸ್ತಕಕ್ಕೆ 20 ರೂಪಾಯಿ, 5 ಕಿಲೋವರೆಗೆ 100 ರೂಪಾಯಿ, ತೆರಿಗೆ ಬೇರೆ. ಚೇಪಾಕದಿಂದ ಕಾಸಿಮೇಡಿಗೆ ಒಂದು ಪುಸ್ತಕ ಕಳಿಸುವುದು ದೊಡ್ಡ ವಿಶ್ವವಿದ್ಯಾನಿಲಯಕ್ಕೆ ಹೊರೆಯೇನಲ್ಲ.

ಅಲ್ಲಿಯವರೆಗೆ ಸುಮ್ಮನೆ ಕೂರಬೇಕಿಲ್ಲ. ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾನಿಲಯದ ಪಾಠಗಳು 'ಇ-ಜ್ಞಾನಕೋಶ'ದಲ್ಲಿ ಯಾರಿಗೂ ಉಚಿತ. ಮಧ್ಯರಾತ್ರಿ ಹರಾಜಿಗೆ ಕಾಯುತ್ತಲೂ ಫೋನಿನಲ್ಲಿ ಓದಬಹುದು. ಎಗ್ಮೋರಿನ ಕನ್ನೆಮರಾ ಲೈಬ್ರರಿ 1896ರಿಂದ ನಡೆಯುತ್ತಿದೆ. 1954ರ ಕಾಯಿದೆಯಂತೆ ಭಾರತದಲ್ಲಿ ಅಚ್ಚಾಗುವ ಪುಸ್ತಕಗಳು ಅಲ್ಲಿಗೆ ಹೋಗಬೇಕು. ಅಂದಮೇಲೆ ಬೆಂಗಳೂರು, ಧಾರವಾಡಗಳ ಕನ್ನಡ ಪುಸ್ತಕಗಳನ್ನೂ ಅಲ್ಲಿ ಕೇಳಬಹುದು.

ದೂರಶಿಕ್ಷಣಕ್ಕೆ ಸೇರುವ ಮಿತ್ರರಿಗೆ ನನ್ನ ಬಿನ್ನಹ ಇಷ್ಟೆ. ಫೀಜು ಕಟ್ಟುವ ಮೊದಲು ನಾಲ್ಕು ಪ್ರಶ್ನೆ ಕೇಳಿ: ಲೈಬ್ರರಿ ಕಾರ್ಡು ಕೊಡ್ತೀರಾ? ಪುಸ್ತಕ ಅಂಚೆಯಲ್ಲಿ ಕಳಿಸ್ತೀರಾ? ಸಂದೇಹ ಬಂದರೆ ಉತ್ತರಿಸುವವರು ಯಾರು? ನಮಗೆ ಪಾಠ ಹೇಳುವವರಿಗೂ ಈ ಸೌಲಭ್ಯ ಉಂಟೇ? ಉತ್ತರವನ್ನು ಬರೆಸಿಕೊಳ್ಳಿ. ಒಬ್ಬರು ಕೇಳಿದರೆ ಗುಮಾಸ್ತರು ನಕ್ಕಾರು. ನೂರು ಮಂದಿ ಕೇಳಿದರೆ ನಗುವುದು ಕಷ್ಟ.